ನಕ್ಷೆಯಲ್ಲಿದ್ದ ಕಲ್ಲು, ನಕ್ಷೆಯಲ್ಲಿಲ್ಲದ ಸೆಳೆತ

ಹನ್ನೆರಡು ಮೀಟರ್ ಆಳದಲ್ಲಿ ಲಂಗರಿನ ಹಗ್ಗಕ್ಕೆ ಜೋತುಬಿದ್ದಿದ್ದೆವು, ನಾನೂ ನನ್ನ ಜೊತೆಗಾರನೂ. ಇಳಿಯುವಾಗ ನೆಟ್ಟಗಿದ್ದ ಹಗ್ಗ ಈಗ ಓರೆಯಾಗಿ ಬಿಗಿದು ನಡುಗುತ್ತಿತ್ತು. ನೀರು ಇಬ್ಬರನ್ನೂ ಬಾವುಟದ ಹಾಗೆ ಅಡ್ಡಡ್ಡ ಹಾರಿಸುತ್ತಿತ್ತು. ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿದರೂ ಮಾಸ್ಕ್ ಕಿತ್ತುಹೋಗುವಷ್ಟು ರಭಸ. ಒಂದು ಕೈ ಮುಂದಿಟ್ಟು, ಹಿಡಿದು, ಉಸಿರೆಳೆದು, ಇನ್ನೊಂದು ಕೈ. ಒತ್ತಡಮಾಪಕದ ಮುಳ್ಳು 70ಕ್ಕೆ ಇಳಿದಿತ್ತು. ಮೇಲಿನಿಂದ ಒಂದು ಜಗ್ಗು ಬಂತು. ಹಗ್ಗ ಪಟಕ್ಕನೆ ಸಡಿಲಾಗಿ ಮತ್ತೆ ಬಿಗಿಯಿತು. ಅಷ್ಟರಲ್ಲಿ ಜೊತೆಗಾರನ ಕೈ ಜಾರಿತ್ತು.

ಅವನು ಹಿಮ್ಮುಖವಾಗಿ ನೀಲಿಯೊಳಗೆ ಕರಗಿಹೋಗುತ್ತಿದ್ದ. ಯೋಚಿಸಲು ಪುರುಸೊತ್ತಿರಲಿಲ್ಲ. ನಾನೂ ಹಗ್ಗ ಬಿಟ್ಟೆ.

ನಾವಿದ್ದದ್ದು ನೇತ್ರಾಣಿಯ ಆಚೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಆ ದ್ವೀಪದ ಸುತ್ತ ಮುಳುಗು ಹಾಕುವವರಿಗೆ ಕೊರತೆಯಿಲ್ಲ. ಒಂದು ಕಾಲಕ್ಕೆ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ದ್ವೀಪದಲ್ಲಿ ಈಗ ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಜನಜಂಗುಳಿ. ನಮಗೆ ಬೇಕಿದ್ದದ್ದು ಯಾರೂ ಇಳಿಯದ ಕಲ್ಲು. ಅದು ಸಿಕ್ಕಿದ್ದು ಮನೆಯಲ್ಲಿ ಕೂತು, ಟ್ಯಾಬ್ಲೆಟ್ಟಿನ ಎಲೆಕ್ಟ್ರಾನಿಕ್ ನಕ್ಷೆಯನ್ನು ಬೆರಳಿಂದ ಹಿಗ್ಗಿಸುತ್ತ ಹೋದಾಗ.

ಕಡಲ ನಕ್ಷೆ ಓದುವುದು ಕಷ್ಟದ ವಿದ್ಯೆಯೇನಲ್ಲ. ಅಂಕಿಗಳು ಆಳ, ಗೆರೆಗಳು ಸಮಾನ ಆಳದ ಜಾಡು. ಗೆರೆಗಳು ದೂರದೂರ ಇದ್ದರೆ ಚಪ್ಪಟೆ ಕೆಸರು. ಒತ್ತೊತ್ತಾಗಿ ಬಂದರೆ ಕಡಿದಾದ ಗೋಡೆ. ಸುತ್ತ 34, 35 ಎಂದಿರುವ ಕಡೆ ಒಂದು ಪುಟ್ಟ ಉಂಗುರ, ಅದರೊಳಗೆ 21 ಎಂದಿದ್ದರೆ ಮುಳುಗುವವನ ಎದೆ ಹೊಡೆದುಕೊಳ್ಳುತ್ತದೆ. ಕೆಸರಿನ ಬಯಲಲ್ಲಿ ಎದ್ದ ಒಂಟಿ ಬಂಡೆ ಅದು. ಹವಳ ಕೂರಲು, ಮೀನು ಅಡಗಲು ಬೇರೆ ಜಾಗವೇ ಇಲ್ಲ.

ಆದರೆ ಆ ಉಂಗುರ ಎಲ್ಲ ಅಳತೆಯಲ್ಲೂ ಕಾಣುವುದಿಲ್ಲ. ದೂರದಿಂದ ನೋಡುವಾಗ ಪರದೆ ಗಿಜಿಗುಡದಿರಲೆಂದು ನಕ್ಷೆ ಚಿಕ್ಕಪುಟ್ಟದ್ದನ್ನೆಲ್ಲ ಮರೆಮಾಡುತ್ತದೆ. ನಮಗೆ ಅದೊಂದು ಆಟ, ಹಡಗಿನವರಿಗೆ ಪ್ರಾಣಸಂಕಟ. 2014ರ ನವೆಂಬರ್ 29ರಂದು, ವೋಲ್ವೋ ಓಷನ್ ರೇಸಿನ ಎರಡನೇ ಹಂತದಲ್ಲಿ ‘ವೆಸ್ಟಾಸ್ ವಿಂಡ್’ ಎಂಬ ಹಾಯಿದೋಣಿ ಮಾರಿಷಸ್‌ನ ಈಶಾನ್ಯದ ಕಾರ್ಗಾಡೋಸ್ ಕಾರಾಜೋಸ್ ಹವಳದಿಬ್ಬಕ್ಕೆ ಗಂಟೆಗೆ ಸುಮಾರು 35 ಕಿ.ಮೀ. ವೇಗದಲ್ಲಿ ಹೋಗಿ ಬಡಿಯಿತು. ಹಿಗ್ಗಿಸದೆ ನೋಡಿದ ನಕ್ಷೆ ಅಲ್ಲಿ 40 ಮೀಟರ್ ಆಳದ ದಿಬ್ಬ ತೋರಿಸಿತ್ತು. ಇದ್ದದ್ದು ನೀರಿನ ಮಟ್ಟಕ್ಕೇ ಬಂದ ಹವಳ. ಕತ್ತಲಲ್ಲಿ ಅಲೆಗಳು ದೋಣಿಯ ಹಿಂಭಾಗವನ್ನು ಒಡೆಯತೊಡಗಿದಾಗ ಒಂಬತ್ತು ಜನ ಆ ಹವಳದ ಮೇಲೆಯೇ ಇಳಿದು, ನೀರಲ್ಲಿ ನಡೆದು ಜೀವ ಉಳಿಸಿಕೊಂಡರು. ಮುಳುಗುಗಾರ ಹುಡುಕುವುದೂ ನಾವಿಕ ಹೆದರುವುದೂ ಒಂದೇ ಗೆರೆ.

ಇನ್ನೊಂದು ವಿಷಯವನ್ನು ಬಹಳ ಜನ ನೋಡುವುದೇ ಇಲ್ಲ: ಸಮೀಕ್ಷೆಯ ದರ್ಜೆ. ನಕ್ಷೆಯ ಪ್ರತಿ ಭಾಗಕ್ಕೂ ಅದರ ಅಳತೆಯನ್ನು ಎಷ್ಟು ನಂಬಬಹುದೆಂಬ ಗುರುತು ಇರುತ್ತದೆ. ‘ಎ1’ ಎಂದರೆ ತಳವನ್ನೆಲ್ಲ ಶೋಧಿಸಿದ್ದಾರೆ, ಜಾಗ ತಪ್ಪಿದರೂ ಕೆಲವೇ ಮೀಟರ್. ‘ಸಿ’ ಎಂದರೆ 500 ಮೀಟರ್ ಆಚೀಚೆ ಇರಬಹುದು, ಗುರುತಿಸದ ಬಂಡೆಯೂ ಇರಬಹುದು. ನಮ್ಮ ಉಂಗುರವಿದ್ದದ್ದು ‘ಸಿ’ಯಲ್ಲಿ. ನನ್ನ ಅಭಿಪ್ರಾಯದಲ್ಲಿ ಹೊಸ ಜಾಗ ಹುಡುಕುವವನಿಗೆ ‘ಸಿ’ಯೇ ಲೇಸು; ‘ಎ1’ ಇದ್ದಲ್ಲಿ ಹುಡುಕಲು ಉಳಿದಿರುವುದೇನು?

ದೋಣಿಯ ತಾಂಡೇಲರಿಗೆ ತೋರಿಸಿದಾಗ ಅವರು ಪರದೆಯನ್ನು ಒಂದು ಗಳಿಗೆ ನೋಡಿ ವಾಪಸು ಕೊಟ್ಟರು. “ಅಲ್ಲಿ ನಾವು ಬಲೆ ಹಾಕೂದಿಲ್ಲ ಮಾರಾಯ್ರೆ, ಕಲ್ಲಿಗೆ ಸಿಕ್ಕಿ ಹರೀತದೆ. ನೀರೂ ಎಳೀತದೆ.” ಮೊದಲ ಮಾತು ಕೇಳಿ ನಾವು ಕುಣಿದಾಡಿದೆವು. ಎರಡನೆಯದಕ್ಕೆ ಉದ್ದ ಹಗ್ಗ, ಕಿತ್ತಳೆ ಬಣ್ಣದ ಉಬ್ಬುಚೀಲ, ಸೀಟಿ, ಕನ್ನಡಿ ಕಟ್ಟಿಕೊಂಡೆವು.

ನಕ್ಷೆ ಹೇಳಿದ ಜಾಗದಲ್ಲಿ ಕಲ್ಲಿರಲಿಲ್ಲ. ದೋಣಿಯನ್ನು ಹೊಲ ಉತ್ತಂತೆ ಸಾಲು ಹಿಡಿದು ಓಡಿಸಿದೆವು. ಆಳಮಾಪಕದಲ್ಲಿ 34, 35, 34... ಆಮೇಲೆ ಇದ್ದಕ್ಕಿದ್ದಂತೆ 29, 25, 22. ಪರದೆಯ ಗೆರೆ ಗಕ್ಕನೆ ಮೇಲೆದ್ದಿತು. ನಕ್ಷೆಯ 21 ಅತಿ ಇಳಿತದ ನೀರಿನಿಂದ ಅಳೆದದ್ದು. ಅವತ್ತು ಉಬ್ಬರವಿದ್ದುದರಿಂದ ಮೇಲೊಂದು ಮೀಟರ್ ಹೆಚ್ಚು. ಲೆಕ್ಕ ಸರಿಹೋಯಿತು. ಲಂಗರು ಇಳಿಯಿತು.

ಆ ಕಲ್ಲಿನ ನೆತ್ತಿ ಒಂದು ಮನೆಯ ಅಂಗಳದಷ್ಟಿತ್ತು. ಅಂಚಿನಲ್ಲಿ ಹರಿದ ಬಲೆ ಸುತ್ತಿಕೊಂಡು ಪಾಚಿಗಟ್ಟಿತ್ತು. ಸೀಳಿನೊಳಗೊಂದು ಗೊಬ್ರಾ ಮೀನು ಬಾಯಿ ತೆರೆದು, ಮುಚ್ಚಿ, ಕದಲದೆ ನಮ್ಮನ್ನೇ ನೋಡಿತು. ಮನುಷ್ಯರನ್ನು ಕಂಡು ಓಡಬೇಕೆಂದು ಅದಕ್ಕಿನ್ನೂ ಗೊತ್ತಿರಲಿಲ್ಲ. ತಲೆಯ ಮೇಲೆ ಕೊಕ್ಕರ್ ಮೀನಿನ ಹಿಂಡು. ನೋಡುತ್ತಿದ್ದ ಹಾಗೇ ಹಿಂಡಿಗೆ ಹಿಂಡೇ ಒಂದೇ ದಿಕ್ಕಿಗೆ ಮುಖಮಾಡಿ ಬಾಲ ಬಡಿಯತೊಡಗಿತು. ಸೆಳೆತ ಶುರುವಾಗಿತ್ತು.

ಮುಂದಿನದು ಆಗಲೇ ಹೇಳಿದೆ. ಹಗ್ಗ ಬಿಟ್ಟು ಜೊತೆಗಾರನ ಹಿಂದೆ ಕಾಲು ಬಡಿದೆ. ಅವನ ಸಿಲಿಂಡರಿನ ಪಟ್ಟಿ ಬೆರಳಿಗೆ ತಾಗಿತು. ಹಿಡಿದೆ. ಐದು ಮೀಟರಿಗೆ ಏರಿ ನಿಂತೆವು. ಮೂರು ನಿಮಿಷ ಕಾಯಬೇಕು, ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗಬೇಕು. ಮೇಲೆ ಕೆಳಗೆ ಸುತ್ತ ನೀಲಿ ಬಿಟ್ಟರೆ ಏನೂ ಇಲ್ಲ, ಓಡುತ್ತಿದ್ದೇವೆಂಬುದೇ ತಿಳಿಯದು. ಉಬ್ಬುಚೀಲಕ್ಕೆ ಗಾಳಿ ತುಂಬಿ ಬಿಟ್ಟೆವು. ರೀಲು ಸರ್ರನೆ ತಿರುಗಿತು. ತಲೆ ಹೊರಹಾಕಿದಾಗ ದೋಣಿ ಕಡ್ಡಿಯಷ್ಟು ದೂರ. ಅಲೆಯ ತಗ್ಗಿಗಿಳಿದರೆ ಅದೂ ಮಾಯ.

ಒಂದು ನಾಟ್ ಸೆಳೆತವೆಂದರೆ ಗಂಟೆಗೆ 1,852 ಮೀಟರ್. ಅದರ ಎದುರು ಈಜಿದರೆ ಕಾಲು ಸೋಲುತ್ತದೆ, ದೂರ ಮಾತ್ರ ಕಡಿಮೆಯಾಗುವುದಿಲ್ಲ. ಈಜಲಿಲ್ಲ. ಜಾಕೆಟ್ ಉಬ್ಬಿಸಿ, ಒಬ್ಬರಿಗೊಬ್ಬರು ಕೊಂಡಿ ಹಾಕಿಕೊಂಡು, ಚೀಲವನ್ನು ನೆಟ್ಟಗೆ ಹಿಡಿದೆವು. ಸೀಟಿ ಊದಿದೆವು, ಗಾಳಿ ನುಂಗಿತು. ನೇತ್ರಾಣಿಯ ಬಂಡೆಗಳು ನಿಧಾನಕ್ಕೆ ದಕ್ಷಿಣಕ್ಕೆ ಸರಿಯುತ್ತಿದ್ದವು, ಅಂದರೆ ನಾವು ಉತ್ತರಕ್ಕೆ. ಬಾಯೊಣಗಿತು. ಜೊತೆಗಾರ ಮಾತು ನಿಲ್ಲಿಸಿದ. ಬಿಸಿಲಿಗೆ ಕನ್ನಡಿ ಆಡಿಸುತ್ತಲೇ ಇದ್ದೆ.

ಅತ್ತ ದೋಣಿಯಲ್ಲಿ ಲಂಗರು ಕಲ್ಲಿನ ಸೀಳಿಗೆ ಕಚ್ಚಿಕೊಂಡಿತ್ತು. ತಾಂಡೇಲರು ಎಳೆಯುವುದನ್ನು ಬಿಟ್ಟು ಕತ್ತಿಯಿಂದ ಹಗ್ಗ ಕಡಿದರು. ಹುಡುಗರು ಗಾಳಿಯ ದಿಕ್ಕಿಗೆ ಹೋಗೋಣ ಎಂದರಂತೆ. ಇವರು ಹಗ್ಗ ವಾಲಿದ್ದ ಓರೆಯನ್ನು ನೋಡಿಟ್ಟುಕೊಂಡಿದ್ದರು. ಮೂತಿಯನ್ನು ಉತ್ತರಕ್ಕೆ ತಿರುಗಿಸಿದರು. ಚಳಿಗಾಲದಲ್ಲಿ ನಮ್ಮ ಕರಾವಳಿಯ ನೀರು ಉತ್ತರಕ್ಕೆ ಹರಿಯುತ್ತದೆಂದು ಸಾಗರವಿಜ್ಞಾನದ ಪುಸ್ತಕವೂ ಹೇಳುತ್ತದೆ. ಕಿತ್ತಳೆ ಚುಕ್ಕಿ ಮೊದಲು ಕಂಡದ್ದೂ ಅವರಿಗೇ. ದೋಣಿಗೆ ಎಳೆದುಕೊಂಡ ಮೇಲೆ ಬೈಯಲಿಲ್ಲ, ನೀರಿನ ಕೊಡ ಮುಂದೆ ತಳ್ಳಿ, “ನಿಮ್ಮ ಕಲ್ಲು ಸಿಕ್ಕಿತಲ್ಲ?” ಎಂದರು.

ಆ ಕಲ್ಲಿನ ಅಕ್ಷಾಂಶ ರೇಖಾಂಶ ಇಲ್ಲಿ ಕೊಡುವುದಿಲ್ಲ. ಆ ಗೊಬ್ರಾ ಅಲ್ಲೇ ಇರಲಿ. ನೀವು ನಿಮ್ಮದೇ ಉಂಗುರ ಹುಡುಕಿಕೊಂಡು ಹೊರಡುವುದಾದರೆ ನಕ್ಷೆಯನ್ನು ಪೂರ್ತಿ ಹಿಗ್ಗಿಸಿ ನೋಡಿ, ದರ್ಜೆ ನೋಡಿ, ಅಲ್ಲಿ ಮೀನು ಹಿಡಿಯುವವರನ್ನು ನೀರಿನ ಬಗ್ಗೆ ಕೇಳಿ. ಉಬ್ಬುಚೀಲವಿಲ್ಲದೆ ಇಳಿಯಬೇಡಿ. ದೋಣಿಯಲ್ಲಿ ವಿಎಚ್‌ಎಫ್ ರೇಡಿಯೋ ಇರಲಿ, 16ನೇ ಚಾನೆಲ್ ತೆರೆದಿರಲಿ. ದಡದಲ್ಲಿ ಕಾಯುವವರ ಹತ್ತಿರ ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 1554 ಬರೆದಿಟ್ಟು ಹೋಗಿ.