ಘಾಟು

ಕಾದ ಎಣ್ಣೆಗೆ ಒಣಮೆಣಸಿನಕಾಯಿ ಬಿದ್ದೊಡನೆ ಅಡಿಗೆಮನೆಯಿಂದ ಎದ್ದು ಬಂದು, ನಡುಮನೆಯಲ್ಲಿ ಪತ್ರಿಕೆ ಓದುತ್ತ ಕುಳಿತ ಯಜಮಾನನನ್ನೂ ಕೆಮ್ಮಿಸುತ್ತದಲ್ಲ, ಅದನ್ನು ನಾವು ವಾಸನೆ ಎನ್ನುವುದಿಲ್ಲ, ಘಾಟು ಎನ್ನುತ್ತೇವೆ. ವಾಸನೆ ಮೂಗಿಗೆ ಬರುತ್ತದೆ, ಘಾಟು ಗಂಟಲಿಗೆ ಹತ್ತುತ್ತದೆ. ಇಷ್ಟು ವರ್ಷ ಕನ್ನಡ ಪಾಠ ಹೇಳಿಯೂ ಈ ಎರಡು ಮಾತುಗಳ ಅಂತರವನ್ನು ನಾನು ಆಲೋಚಿಸಿದವನಲ್ಲ. ಆಲೋಚಿಸುವಂತೆ ಮಾಡಿದ್ದು ನಮ್ಮವ್ವನ ಕೆಮ್ಮು.

ನಮ್ಮದು ತುರುವೇಕೆರೆ ಕಡೆಯ ಹಳ್ಳಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ತೆಂಗಿನಮರದ ಯಾವ ಭಾಗವೂ ದಂಡವಾಗುವುದಿಲ್ಲ. ಕಾಯಿ ಅಟ್ಟವೇರಿ, ತಿಂಗಳುಗಟ್ಟಲೆ ಒಣಗಿ, ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಉಳಿದ ಮಟ್ಟೆ, ಚಿಪ್ಪು, ಗರಿಗಳು ಒಲೆಗೆ. ಕೊಬ್ಬರಿಯ ದುಡ್ಡು ಅಪ್ಪನ ಕೈಗೆ ಬರುತ್ತಿತ್ತು; ಮಟ್ಟೆಯ ಹೊಗೆ ಅವ್ವನ ಪಾಲಿಗೆ ಬರುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಹೋದ್ಯೋಗಿಗಳನ್ನು ಊರಹಬ್ಬಕ್ಕೆ ಕರೆದುಕೊಂಡು ಹೋಗಿದ್ದೆ. ಬಡಿಸುವಾಗ ಅವ್ವನಿಗೆ ಕೆಮ್ಮು ಬಂತು. ಸೆರಗು ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದಳು. ನನಗೆ ನಾಚಿಕೆಯಾಯಿತು. ಒಳಗೆ ಹೋಗಿ, “ಸ್ವಲ್ಪ ತಡಕೋಬಾರದೇನವ್ವ?” ಎಂದೆ. “ತಡಕೊಂಡೇ ಇಷ್ಟು ಮಗ,” ಎಂದಳು.

ಮುಂದೆ ಅವಳನ್ನು ಪೇಟೆಗೆ ಕರೆತಂದೆ. ಗ್ಯಾಸಿನ ಒಲೆ, ಹೊಗೆಯ ಸುಳಿವಿಲ್ಲ. ಆದರೂ ಊದುಬತ್ತಿ ಹಚ್ಚಿದರೆ ಕೆಮ್ಮು, ತಣ್ಣನೆಯ ಗಾಳಿ ಬೀಸಿದರೆ ಕೆಮ್ಮು. ಇದು ಬರಿಯ ಅಭ್ಯಾಸ ಎಂದು ನಾನು ತೀರ್ಮಾನಿಸಿದೆ. ಶ್ವಾಸನಾಳಗಳು ಕಿರಿದಾಗಿವೆಯೆಂದು ವೈದ್ಯರು ಹೇಳಿದಾಗ ತಡವಾಗಿತ್ತು. ಅವ್ವ ಈಗಿಲ್ಲ.

ಅವಳು ಹೋದ ಮೇಲೆ, ತಪ್ಪಿತಸ್ಥನ ಕುತೂಹಲದಿಂದ, ಕೆಮ್ಮಿನ ವಿಷಯ ಓದತೊಡಗಿದೆ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಮೆಣಸಿನಕಾಯಿಯ ಖಾರವನ್ನು ಗುರುತಿಸುವ ಬಾಗಿಲೊಂದನ್ನು ನರದ ತುದಿಯಲ್ಲಿ ಪತ್ತೆಹಚ್ಚಿದರಂತೆ. ಖಾರ ತಾಗಿದರೆ ಈ ಪುಟ್ಟ ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ, ಸೋಡಿಯಂಗಳ ವಿದ್ಯುತ್ಕಣಗಳು ಒಳನುಗ್ಗುತ್ತವೆ. ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿಗೂ ತೆರೆಯುವುದು ಅದೇ ಬಾಗಿಲು. ಖಾರ ತಿಂದು “ಬಾಯಿ ಉರಿಯಿತು” ಎಂದವರಾರೂ ಅಲಂಕಾರ ಬಳಸಿರಲಿಲ್ಲ! ಈ ಕೆಲಸಕ್ಕಾಗಿ ಜೂಲಿಯಸರಿಗೆ, ಸ್ಪರ್ಶದ ಬಾಗಿಲುಗಳನ್ನು ಕಂಡ ಆರ್ಡೆಮ್ ಪಟಪೂಟಿಯನ್ನರ ಜೊತೆಯಲ್ಲಿ, 2021ರ ನೊಬೆಲ್ ಬಹುಮಾನ ಬಂತು.

ಟಿ.ಆರ್.ಪಿ.ಎ.-1 ಎಂಬ ಇನ್ನೊಂದು ಬಾಗಿಲು ಸಾಸಿವೆಯ ಘಾಟಿಗೂ ಹೊಗೆಯಲ್ಲಿರುವ ಅಕ್ರೋಲೀನ್ ಎಂಬ ಉರಿವಸ್ತುವಿಗೂ ತೆರೆಯುತ್ತದೆ. ಇವೆರಡೂ ಶ್ವಾಸನಾಳದ ನರಗಳಲ್ಲಿವೆ. 2009ರಲ್ಲಿ ಸ್ವೆನ್-ಎರಿಕ್ ಯೋರ್ಟ್ ಮತ್ತು ಸಂಗಡಿಗರು ಇಲಿಗಳಲ್ಲಿ ಆಸ್ತಮಾ ಹುಟ್ಟಿಸಿ ನೋಡಿದಾಗ, ಈ ಎರಡನೆಯ ಬಾಗಿಲಿಲ್ಲದ ಇಲಿಗಳಲ್ಲಿ ಉರಿಯೂತ ಬಹಳ ಕಡಿಮೆಯಿತ್ತು. ಹಾಗಾದರೆ ಬಾಗಿಲನ್ನೇ ಮುಚ್ಚಿಬಿಡೋಣವೆಂದರೆ ಅದು ಸುಲಭವಲ್ಲ. ಖಾರದ ಬಾಗಿಲನ್ನು ಮುಚ್ಚುವ ಔಷಧವನ್ನು ಬಹುಕಾಲ ಕೆಮ್ಮುವವರಿಗೆ ಕೊಟ್ಟು ನೋಡಿದ್ದಾರೆ. ಅವರ ಕೆಮ್ಮು ತಗ್ಗಲಿಲ್ಲ.

ನನ್ನನ್ನು ಕಲಕಿದ ಸಂಗತಿ ಬೇರೆ. ವರ್ಷಾನುಗಟ್ಟಲೆ ಕೆರಳಿದ ನರಗಳು ಅತಿಸೂಕ್ಷ್ಮವಾಗಿ, ಅಲ್ಪ ಕಾರಣಕ್ಕೂ ಕೂಗೆಬ್ಬಿಸಬಲ್ಲವು. ಒಮ್ಮೆ ಕಳ್ಳರನ್ನು ಕಂಡ ಮನೆಯ ನಾಯಿ ಎಲೆ ಅಲುಗಿದರೂ ಬೊಗಳುವುದಿಲ್ಲವೆ? ಊದುಬತ್ತಿಗೆ ಅವ್ವ ಕೆಮ್ಮುತ್ತಿದ್ದುದು ಅಭ್ಯಾಸದಿಂದಲ್ಲ.

ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಪಿ. ಎ. ಮಹೇಶ್ ಮತ್ತು ಸಂಗಡಿಗರು ಆ ಜಿಲ್ಲೆಯ ಹಳ್ಳಿಯ ಹೆಂಗಸರನ್ನು ಕುರಿತು 2013ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ, ಹಾಗೆ ಎಷ್ಟು ವರ್ಷ? ಎರಡನ್ನೂ ಗುಣಿಸಬೇಕು. ಉತ್ತರ 60 ಮುಟ್ಟಿತೆಂದರೆ ಶ್ವಾಸನಾಳದ ಬಹುಕಾಲದ ಕಾಯಿಲೆಯ ಅಪಾಯ ಎದ್ದು ಕಾಣುತ್ತದೆ. ಅವ್ವ ದಿನಕ್ಕೆ 4 ಗಂಟೆ, 38 ವರ್ಷ ಒಲೆ ಊದಿದವಳು. 152. ಕಾಗದದ ಮೇಲೆ ಆ ಅಂಕಿ ಬರೆದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಮನೆಯಲ್ಲಿ ಸಿಲಿಂಡರ್ ಇದೆ. ಆದರೆ ಬಿಟ್ಟಿ ಸಿಗುವ ಮಟ್ಟೆ ಬಿಟ್ಟು ಗ್ಯಾಸಿನಲ್ಲಿ ಸ್ನಾನದ ನೀರು ಕಾಯಿಸುವವರುಂಟೆ? ಬಚ್ಚಲಮನೆಯ ಹೊಗೆಯಲ್ಲಿ ಅತ್ತಿಗೆ ಕೆಮ್ಮುತ್ತಿದ್ದರು. ನನ್ನನ್ನು ಕಂಡು ಸೆರಗು ಅಡ್ಡ ಹಿಡಿದರು. ಅದೇ ಭಂಗಿ.

“ತಡೀಬೇಡಿ ಅತ್ತಿಗೆ, ಕೆಮ್ಮಿಬಿಡಿ,” ಎಂದು, ಗಂಟೆ–ವರ್ಷಗಳ ಲೆಕ್ಕ ಕೇಳಿದೆ. ದಿನಕ್ಕೆ 2 ಗಂಟೆ, ಮದುವೆಯಾಗಿ ಬಂದು 24 ವರ್ಷ.

“ನಲವತ್ತೆಂಟು,” ಎಂದೆ.

“ಮೇಷ್ಟ್ರು ನೀವು. ಪಾಸೋ ಫೇಲೋ?” ಎಂದು ನಕ್ಕರು.

ಆ ಮಧ್ಯಾಹ್ನವೇ ಅಣ್ಣನೂ ನಾನೂ ಸೇರಿ ಹಂಡೆಯನ್ನು ಹೊತ್ತು ತಂದು ಹಿತ್ತಿಲಲ್ಲಿ, ತೆಂಗಿನಮರದ ಪಕ್ಕದ ಬಯಲಿನಲ್ಲಿ ಮೂರು ಕಲ್ಲು ಹೂಡಿ ಇಟ್ಟೆವು. ಇದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ.