ಡಿಜೆ ಹಾಡು ಕೇಳುತ್ತಾ ಬೇಲೂರಿಗೆ

ಬೇಲೂರು-ಹಳೇಬೀಡು ನೋಡದ ಕನ್ನಡತಿಯರು ಕಡಿಮೆ. ಶಾಲೆಯ ಪ್ರವಾಸದಲ್ಲೋ, ಮದುವೆಯಾದ ಹೊಸದರಲ್ಲೋ ಒಮ್ಮೆ ನೋಡಿಯೇ ಇರುತ್ತೇವೆ. ನಾನು ಎರಡು ಸಲ ನೋಡಿದ್ದೆ. ಆದರೆ ಡಿಜೆ ಹಾಡು ಕೇಳುತ್ತಾ ಹೋದದ್ದು ಇದೇ ಮೊದಲು.

ಅರಸೀಕೆರೆ ನನ್ನ ತವರು. ಅಣ್ಣನ ಮಗ ಹಗಲು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ರಾತ್ರಿ ಕಂಪ್ಯೂಟರ್ ಮುಂದೆ ಕೂತು ರೀಮಿಕ್ಸ್ ಮಾಡುತ್ತಾನೆ. ಗಣಪತಿ ಮೆರವಣಿಗೆ, ಜಾತ್ರೆ, ಮದುವೆ, ಎಲ್ಲಕ್ಕೂ ಈಗ ಡಿಜೆ ಬೇಕಲ್ಲ! "ಅತ್ತೆ, ಭಾನುವಾರ ಬೇಲೂರಿಗೆ ಹೋಗೋಣ. ದಾರೀಲಿ ನನ್ನ ಹೊಸ ಹಾಡು ಕೇಳಿಸ್ತೀನಿ" ಎಂದ. ಅತ್ತಿಗೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಟ್ಟರು.

ಮೊದಲು ಊರಿನ ಈಶ್ವರ ದೇವಸ್ಥಾನಕ್ಕೆ ಹೋಗಿ ಕೈಮುಗಿದೆವು. 1220ರ ಸುಮಾರಿನದು. ನಕ್ಷತ್ರದಂಥ ಮುಖಮಂಟಪ, ಮೇಲೆ ಗುಮ್ಮಟದಂಥ ಮಾಡು. ಬೇಲೂರಿನ ಹೆಸರಿನ ಮುಂದೆ ಪಾಪ, ಇದನ್ನು ಯಾರೂ ಕೇಳುವುದಿಲ್ಲ.

ಜಾವಗಲ್ ದಾರಿ ಹಿಡಿದ ಮೇಲೆ ನನಗೆ ಪಾಠ ಶುರುವಾಯಿತು. ಹಳೇ ಹಾಡಿನಿಂದ ದನಿಯೊಂದನ್ನೇ ಬಿಡಿಸಿಕೊಳ್ಳುವುದು, ಅದಕ್ಕೆ ನಿಮಿಷಕ್ಕೆ 128 ಏಟಿನಂತೆ ಡ್ರಮ್ ಕೂಡಿಸುವುದು. ನಡುವೆ ಸದ್ದೆಲ್ಲ ನಿಲ್ಲಿಸಿ ಒಮ್ಮೆಗೇ ಧಡಾರನೆ ಬಿಡುವುದಕ್ಕೆ 'ಡ್ರಾಪ್' ಅಂತ ಹೆಸರು. ವೀರಗಾಸೆಯವರೂ ಹಾಗೇ ತಾನೆ ಕರಡೆ ನಿಲ್ಲಿಸಿ ಒಡಪು ಹೇಳಿ ಮತ್ತೆ ಬಡಿಯುವುದು ಎಂದೆ. ಅವನಿಗೆ ಖುಷಿಯಾಯಿತು.

ಆಮೇಲೆ ಹೊಸ ಹಾಡು ಹಾಕಿದ. ಎರಡು ಏಟು ಬೀಳುವಷ್ಟರಲ್ಲಿ ನನ್ನ ಮೈ ಝುಮ್ಮೆಂದಿತು. ನಮ್ಮಮ್ಮನ ದನಿ! ಅಮ್ಮ ತೀರಿಕೊಳ್ಳುವ ಹಿಂದಿನ ವರ್ಷ ಅರಿಶಿನದ ಶಾಸ್ತ್ರದಲ್ಲಿ ಹಾಡಿದ ಸೋಬಾನೆ. ಇವನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದನಂತೆ. ಕಣ್ಣಲ್ಲಿ ನೀರು ಬಂತು, ನಿಜ. ಆದರೆ ಫೋನಿನಲ್ಲಿ ನೋಡಿದರೆ ಹಾಡಿನ ಕೆಳಗೆ ಇವನ ಡಿಜೆ ಹೆಸರು ಮಾತ್ರ.

"ಅಜ್ಜಿ ಹೆಸರೆಲ್ಲೋ?"

"ಜಾನಪದ ಅಲ್ವಾ ಅತ್ತೆ, ಅದು ಯಾರದೂ ಅಲ್ಲ."

"ಪದ ಯಾರದೂ ಅಲ್ಲದಿರಬಹುದು ಕಣೋ, ದನಿ ನಿಮ್ಮಜ್ಜಿದು."

ಅವನು ಮಾತು ತಿರುಗಿಸಿ ಚರಣ್‌ಜಿತ್ ಸಿಂಗ್ ಎಂಬುವರ ಕಥೆ ತೆಗೆದ. ಬೊಂಬಾಯಿಯಲ್ಲಿ ಹಿಂದಿ ಸಿನಿಮಾಗಳಿಗೆ ವಾದ್ಯ ನುಡಿಸುತ್ತಿದ್ದವರು. 1982ರಲ್ಲಿ ಹತ್ತು ರಾಗಗಳನ್ನು ಯಂತ್ರದ ಡಿಸ್ಕೊ ತಾಳಕ್ಕೆ ನುಡಿಸಿ ರೆಕಾರ್ಡ್ ತಂದರು. ಆಗ ಯಾರೂ ಕೊಳ್ಳಲಿಲ್ಲವಂತೆ. 2010ರಲ್ಲಿ ಅದೇ ರೆಕಾರ್ಡ್ ಹೊರದೇಶದಲ್ಲಿ ಮತ್ತೆ ಬಿಡುಗಡೆಯಾದಾಗ, ಅಮೆರಿಕದವರು ಮಾಡುವ ಮೊದಲೇ ಇಂಥ ಸಂಗೀತ ಮಾಡಿದ್ದಾರಲ್ಲ ಎಂದು ಜನ ಬೆರಗಾದರಂತೆ. "ರೆಕಾರ್ಡಿನ ಮೇಲೆ ಹೆಸರಿತ್ತು, ಅದಕ್ಕೇ ಹುಡುಕಿಕೊಂಡು ಹೋದರು" ಎಂದೆ. ಹುಡುಗ ಸುಮ್ಮನಾದ.

ಹಳೇಬೀಡಿನಲ್ಲಿ ಬಿಸಿಲೋ ಬಿಸಿಲು. ಹೊಯ್ಸಳೇಶ್ವರನ ಗೋಡೆ ಸುತ್ತಿ, ಕೆರೆಯ ಕಡೆ ಮರದಡಿ ಬುತ್ತಿ ಬಿಚ್ಚಿದೆವು. ಅಲ್ಲಿಂದ ಬೇಲೂರಿಗೆ 16 ಕಿಲೋಮೀಟರು. 2023ರಲ್ಲಿ ಈ ಎರಡು ದೇವಾಲಯಗಳೂ ಸೋಮನಾಥಪುರದ್ದೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಹೋಗುವವರು ಕಾಲುಚೀಲ ಮರೆಯಬೇಡಿ, ಕಲ್ಲು ಕಾದ ಕಾವಲಿಯಂತಿರುತ್ತದೆ.

ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ನಾನು ನೋಡಬೇಕೆಂದಿದ್ದದ್ದು ಮದನಿಕೆಯರನ್ನು. ಕುಣಿಯುವವಳ ಕಾಲ ಬಳಿ ಗೇಣುದ್ದದ ಮದ್ದಳೆಯವರು! ಒಂದು ಮೂರ್ತಿಯ ಕೆಳಗೆ ಗೈಡು ಬೆರಳು ತೋರಿಸಿದರು. ಹಳಗನ್ನಡದ ಅಕ್ಷರ, ಕೆತ್ತಿದವನ ಹೆಸರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ ಎಷ್ಟೋ ಜನ ಹೆಸರೂ ಊರೂ ಬರೆದಿಟ್ಟಿದ್ದಾರೆ. ದೊರೆ ಕಟ್ಟಿಸಿದ ಗುಡಿಯಲ್ಲಿ ಕಲ್ಲುಕುಟಿಗನ ಹೆಸರಿಗೂ ಜಾಗವಿತ್ತು ನೋಡಿ. ನಾನು ಬಾಯಿ ಬಿಡಲಿಲ್ಲ. ಹುಡುಗ ಫೋನಿನಲ್ಲಿ ಆ ಅಕ್ಷರಗಳನ್ನು ದೊಡ್ಡದು ಮಾಡಿ ನೋಡುತ್ತಲೇ ಇದ್ದ.

ಹೋಟೆಲಿನಲ್ಲಿ ಕಾಫಿ ಬರುವ ಹೊತ್ತಿಗೆ ಫೋನ್ ತೆಗೆದು ಏನೋ ಒತ್ತುತ್ತಾ ಕೇಳಿದ: "ಅತ್ತೆ, ಅಜ್ಜಿಯ ತವರು ಯಾವೂರು?"

ಹೇಳಿದೆ. ಎರಡನೇ ನುಡಿಯಲ್ಲಿ ಡ್ರಮ್ ಸ್ವಲ್ಪ ಇಳಿಸು, ಪದ ಕೇಳಿಸಲಿ ಎಂದೂ ಹೇಳಿದೆ. ಅದಕ್ಕೆ ಮಾತ್ರ ಒಪ್ಪಲಿಲ್ಲ.