ಕಲ್ಯಾಣದಲ್ಲಿ ಸಿಕ್ಕ ಬಳೆಯ ಲೆಕ್ಕ

ಎಳ್ಳಮಾವಾಸ್ಯೆಗೆಂದು ಹುಮನಾಬಾದಿನ ಅತ್ತೆಯ ಮನೆಗೆ ಹೋಗಿದ್ದೆವು. ನಾನು ತಿಪಟೂರಿನ ಕಡೆಯವಳು. ಮದುವೆಯಾಗಿ ಇಪ್ಪತ್ತೈದು ವರ್ಷವಾಗುತ್ತ ಬಂದರೂ ಆ ಸೀಮೆಯ ಭಜ್ಜಿ ಮಾಡುವುದು ನನಗಿನ್ನೂ ಸರಿಯಾಗಿ ಬಂದಿಲ್ಲ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲವನ್ನೂ ಒಟ್ಟಿಗೆ ಬೇಯಿಸಿ, ಕಡಲೆಹಿಟ್ಟು ಕದಡಿ ಮಾಡುತ್ತಾರೆ. ಹೊಲದಲ್ಲಿ ಬಂಧುಬಳಗವೆಲ್ಲ ಕೂತು ಸಜ್ಜೆಯ ಕಡುಬಿನ ಜೊತೆ ತಿನ್ನುವಾಗ ಅದರ ರುಚಿಯೇ ಬೇರೆ. ಆ ದಿನ ಮಾತ್ರ ನನಗೆ ಊಟ ಇಳಿಯಲಿಲ್ಲ ಅನ್ನಿ.

ಕಾರಣ ಹೇಳುತ್ತೇನೆ. ನಮ್ಮ ಭಾವನ ಮಗ ಅಮೆರಿಕದಲ್ಲಿ ಕೆಲಸದಲ್ಲಿದ್ದಾನೆ. ಡಿಸೆಂಬರ್ ರಜೆಗೆ ಬಂದಿದ್ದ. ರಜೆ ಸಿಕ್ಕಾಗೆಲ್ಲ ಲಾಸ್ ವೇಗಾಸ್‌ಗೆ ಹೋಗಿ ವಿಡಿಯೋ ಪೋಕರ್ ಎಂಬ ಯಂತ್ರದ ಮುಂದೆ ಕೂರುತ್ತಾನಂತೆ. ಯಂತ್ರ ಐದು ಎಲೆ ಹಾಕುತ್ತದೆ. ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಟ್ಟರೆ ಬೇರೆ ಎಲೆ ಕೊಡುತ್ತದೆ. ಎರಡು ಗುಲಾಮ ಅಥವಾ ಅದಕ್ಕಿಂತ ಮೇಲಿನ ಜೋಡಿ ಬಂದರೆ ಕಟ್ಟಿದ ಹಣ ವಾಪಸು, ಅದಕ್ಕೂ ಮೇಲಾದರೆ ಲಾಭ.

"ಇದು ಅದೃಷ್ಟದ್ದಲ್ಲ ಕಾಕಾ, ಲೆಕ್ಕದ್ದು. ಒಳ್ಳೆ ಮೆಷಿನ್ ಹುಡುಕಿ ತಪ್ಪಿಲ್ದಂಗ ಆಡಿದ್ರ ನೂರು ರೂಪಾಯಿಗೆ 99 ರೂಪಾಯಿ 54 ಪೈಸೆ ತಿರುಗಿ ಬರ್ತದ. ಮ್ಯಾಲ ರೂಮು, ಊಟ ಪುಕ್ಕಟೆ. ವರ್ಷಗಟ್ಲೆ ಆಡಿದ್ರ ಫಾಯ್ದೆನ ಅದ" ಎಂದ ಹುಡುಗ.

ನಮ್ಮ ಯಜಮಾನರು ಕೈಯಲ್ಲಿದ್ದ ಕಡುಬು ಹಾಗೇ ಹಿಡಿದುಕೊಂಡು ಕೇಳಿದರು: "ಇಂಥ ಮೆಷಿನ್ ಗೋವಾದಾಗೂ ಇರ್ತಾವೇನು?"

ಸೋದರಿಯರೆ, ನನ್ನ ಎದೆ ಧಸಕ್ಕೆಂದಿತು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಲ್ಲುವವರೆಗೆ ನಮ್ಮ ಮನೆ ಹೇಗಿತ್ತೆಂದು ನನಗೇ ಗೊತ್ತು. ಜೊತೆಗೆ ಮಟ್ಕಾ ಬೇರೆ. 2005ರಲ್ಲಿ ನನ್ನ ತವರಿನ ಎರಡು ಬಳೆ "ಸ್ವಲ್ಪ ದಿನಕ್ಕೆ" ಎಂದು ಹೋದವು ಇಂದಿಗೂ ಬಂದಿಲ್ಲ. ಈಗ ಮಗಳ ಓದಿಗೆಂದು ಸೇರಿಸಿದ ಹಣ ಬ್ಯಾಂಕಿನಲ್ಲಿದೆ.

ಮಾರನೆಯ ದಿನ ಎಲ್ಲರೂ ಊರು ನೋಡಲು ಹೊರಟೆವು. ಬೆಳಿಗ್ಗೆ ವೀರಭದ್ರೇಶ್ವರನ ಗುಡಿ, ಆಮೇಲೆ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಮಾಧಿ. ಪ್ರಭುಗಳು ಹುಟ್ಟಿದ್ದು 1817ರಲ್ಲಿ, ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ. ಅಲ್ಲಿಂದ ಜಲಸಂಗಿಗೆ ಹೋದೆವು. ನೀವು ಆ ಕಡೆ ಹೋದರೆ ಜಲಸಂಗಿಯನ್ನು ಬಿಡಬೇಡಿ. ಗುಡಿಯ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ನಿಂತುಕೊಂಡು ಶಾಸನ ಬರೆಯುತ್ತಿದ್ದಾಳೆ! ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆಯಂತೆ ಅದು. ಮನೆಖರ್ಚಿನ ಪುಸ್ತಕ ಬರೆಯುವ ನನಗೆ ಅವಳನ್ನು ಕಂಡು ಬಲು ಖುಷಿಯಾಯಿತು. ರೊಟ್ಟಿ, ಶೇಂಗಾ ಚಟ್ನಿ, ನೀರು ಮನೆಯಿಂದಲೇ ಕಟ್ಟಿಕೊಂಡು ಹೋಗಿ.

ಮಧ್ಯಾಹ್ನ ಹೆದ್ದಾರಿ ಹಿಡಿದು ರಾಜೇಶ್ವರದ ಮೇಲೆ ಬಸವಕಲ್ಯಾಣಕ್ಕೆ ಹೋದೆವು. ದಾರಿಯುದ್ದಕ್ಕೂ ನಾನು ಚೀಟಿಯ ಮೇಲೆ ಲೆಕ್ಕ ಹಾಕುತ್ತಲೇ ಇದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಳ್ಳೆ ಅಂಕ ಬಂದಿತ್ತು ನನಗೆ, ಹಾಗಾಗಿ ಹೆದರಲಿಲ್ಲ. ಒಂದಾಟಕ್ಕೆ ನೂರು ರೂಪಾಯಿ ಅಂತಿಟ್ಟುಕೊಳ್ಳಿ. ಕೈ ಪಳಗಿದವರು ಗಂಟೆಗೆ 600 ಆಟ ಆಡುತ್ತಾರಂತೆ. ಅಲ್ಲಿಗೆ ಗಂಟೆಗೆ 60,000 ರೂಪಾಯಿ ಕಟ್ಟಿದ ಹಾಗಾಯಿತು. ನೂರಕ್ಕೆ 46 ಪೈಸೆ ಹೋದರೂ ಗಂಟೆಗೆ 276 ರೂಪಾಯಿ ಖೋತಾ. ಅದೂ ಒಂದು ತಪ್ಪೂ ಮಾಡದಿದ್ದರೆ!

"ಎಲ್ಲಾ ಯಂತ್ರವೂ ಹೀಗೇನಾ?" ಎಂದು ಕೇಳಿದೆ. ಇಲ್ಲವಂತೆ. ಒಳ್ಳೆ ಯಂತ್ರದಲ್ಲಿ ಫುಲ್ ಹೌಸ್‌ಗೆ 9, ಫ್ಲಶ್‌ಗೆ 6 ಪಟ್ಟು ಕೊಡುತ್ತಾರೆ. ನೋಡಲು ಅದರಂತೆಯೇ ಇರುವ ಪಕ್ಕದ ಯಂತ್ರದಲ್ಲಿ 8 ಮತ್ತು 5. ಅಷ್ಟಕ್ಕೇ ನೂರಕ್ಕೆ 2 ರೂಪಾಯಿ 70 ಪೈಸೆ ಹೋಗುತ್ತದೆ, ಗಂಟೆಗೆ 1,620. ಇನ್ನೊಂದು ವಿಷಯ ಹುಡುಗ ಮೊದಲು ಹೇಳಿರಲಿಲ್ಲ. ಆ 99.54ರಲ್ಲಿ ಸುಮಾರು 2 ರೂಪಾಯಿ, ರಾಯಲ್ ಫ್ಲಶ್ ಎಂಬ ಒಂದೇ ದೊಡ್ಡ ಕೈಯಿಂದ ಬರಬೇಕು. ಅದು ಬೀಳುವುದು ಸರಾಸರಿ 40,000 ಆಟಕ್ಕೊಮ್ಮೆ. ಬೀಳುವ ತನಕ ಜೇಬು ಅಷ್ಟು ಬೇಗ ಬರಿದಾಗುತ್ತಲೇ ಇರುತ್ತದೆ.

ಹುಡುಗ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ನೂರಕ್ಕೆ 100 ರೂಪಾಯಿ 76 ಪೈಸೆ ಕೊಡುವ ಯಂತ್ರವೂ ಇದೆಯಂತೆ, ಈಗ ಅಪರೂಪ. ಅದರಲ್ಲೂ ಗಂಟೆಗೆ 600 ಆಟ, ಒಂದೂ ತಪ್ಪಿಲ್ಲದೆ ಆಡಿದರೆ ಸರಾಸರಿ 456 ರೂಪಾಯಿ ಬಂದೀತು. ಕಣ್ಣು ಮಿಟುಕಿಸದೆ ಗುಂಡಿ ಒತ್ತಿದ್ದಕ್ಕೆ ಅದು ಕೂಲಿಯಪ್ಪ, ಆಟ ಹೇಗಾಯಿತು?

ಬಸವಕಲ್ಯಾಣದಲ್ಲಿ ನಮ್ಮತ್ತೆಯ ಬಳಗದ ನಿವೃತ್ತ ಮೇಷ್ಟ್ರೊಬ್ಬರು ಕೋಟೆ ತೋರಿಸಲು ಬಂದರು. ಯಜಮಾನರು ತಮಾಷೆಗೆ, "ಕಲ್ಯಾಣ್ ಮಟ್ಕಾದ ಊರು ಇದ ಏನ್ರಿ?" ಎಂದರು. ಮೇಷ್ಟ್ರು ನಗಲಿಲ್ಲ. ಅದು ಮುಂಬಯಿಯ ಕಲ್ಯಾಣಜಿ ಭಗತ್ ಎಂಬುವರು 1962ರಲ್ಲಿ ಶುರು ಮಾಡಿದ ಮಟ್ಕಾ, ನಮ್ಮೂರಿಗೂ ಅದಕ್ಕೂ ಸಂಬಂಧವಿಲ್ಲ ಎಂದರು. ಹತ್ತು ಅಂಕಿಯಲ್ಲಿ ಒಂದಕ್ಕೆ ಕಟ್ಟಿದರೆ, ಗೆದ್ದವನಿಗೆ ಒಂದಕ್ಕೆ ಒಂಬತ್ತು. ಅಂದರೆ ನೂರು ರೂಪಾಯಿಗೆ ಹತ್ತು ರೂಪಾಯಿ ನಡೆಸುವವನಿಗೆ ಸೇರಿತು.

"ಜೂಜಿನ ಲೆಕ್ಕ ಈ ಊರಾಗ ಒಂಬೈನೂರು ವರ್ಷದ ಹಿಂದನೇ ಬರದಿಟ್ಟಾರ್ರಿ" ಎಂದು ಮೇಷ್ಟ್ರು ಕೋಟೆಯ ಮೆಟ್ಟಿಲ ಮೇಲೆ ಕೂತರು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರರು ಇಲ್ಲೇ ಇದ್ದು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದರು. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಭಾಗದಲ್ಲಿ ಹಿಂದೂಗಳ ಆಸ್ತಿ ಹಂಚಿಕೆಗೆ ಅದೇ ಆಧಾರವಾಯಿತು. ಅದರಲ್ಲಿ ಜೂಜಿಗೆಂದೇ ಒಂದು ಪ್ರಕರಣವಿದೆ. ಜೂಜುಕಟ್ಟೆ ನಡೆಸುವವನಿಗೆ ಸಭಿಕ ಎಂದು ಹೆಸರು. ನೂರು ಅಥವಾ ಹೆಚ್ಚು ಗೆದ್ದವನಿಂದ ನೂರಕ್ಕೆ ಐದು, ಅದಕ್ಕಿಂತ ಕಡಿಮೆ ಗೆದ್ದವನಿಂದ ನೂರಕ್ಕೆ ಹತ್ತು ಅವನು ತೆಗೆದುಕೊಳ್ಳಬೇಕು. ರಾಜನಿಗೂ ಅದರಲ್ಲಿ ಪಾಲು.

ನನಗೆ ಅಲ್ಲೇ ಮಿಂಚು ಹೊಡೆದ ಹಾಗಾಯಿತು. ಸಣ್ಣ ಆಟಗಾರನಿಗೆ ಆಗಲೇ ದುಪ್ಪಟ್ಟು! ಮಟ್ಕಾದವನದೂ ಅದೇ ಹತ್ತು. ವೇಗಾಸ್ಸಿನವನು 46 ಪೈಸೆಗೆ ಇಳಿಸಿದ್ದಾನೆ, ಆದರೆ ಗಂಟೆಗೆ 600 ಸಲ ತೆಗೆದುಕೊಳ್ಳುತ್ತಾನೆ. ಜಾಣತನದಿಂದ ಆಡಿದರೆ ಹಣ ನಿಧಾನವಾಗಿ ಹೋಗುತ್ತದೆ. ಪುಕ್ಕಟೆ ಊಟ, ರೂಮು ಅವನು ಕೊಡುವುದು ನಮ್ಮದೇ ಹಣದಲ್ಲಿ.

"ಹೆಂಗಸರ ಮಾತೂ ಅದ ಅದರಾಗ" ಎಂದು ಮೇಷ್ಟ್ರು ನನ್ನ ಕಡೆ ತಿರುಗಿದರು. ಹೆಂಡತಿಯ ಸ್ತ್ರೀಧನವನ್ನು ಗಂಡ ಬರಗಾಲದಲ್ಲಿ, ಧರ್ಮಕಾರ್ಯಕ್ಕೆ, ಕಾಯಿಲೆಗೆ ಅಥವಾ ಸೆರೆಸಿಕ್ಕಾಗ ತೆಗೆದುಕೊಂಡಿದ್ದರೆ ಹಿಂದಿರುಗಿಸಬೇಕಾಗಿಲ್ಲ. ಬೇರೆ ಕಾರಣಕ್ಕೆ ತೆಗೆದುಕೊಂಡಿದ್ದರೆ ಕೊಡಲೇಬೇಕು.

ನಾನು ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಯಜಮಾನರು ಕೋಟೆಯ ಗೋಡೆಯನ್ನೇ ನೋಡುತ್ತ ನಿಂತರು.

ಆಮೇಲೆ ತ್ರಿಪುರಾಂತಕ ಕೆರೆ, ಅನುಭವ ಮಂಟಪ, ಶರಣರ ಗವಿಗಳನ್ನು ನೋಡಿದೆವು. ಹಗ್ಗ ಹೊಸೆದು ಬದುಕಿದ ನುಲಿಯ ಚಂದಯ್ಯನ ಗವಿಯಲ್ಲಿ ತಂಪಾಗಿತ್ತು, ಅಲ್ಲೇ ಸ್ವಲ್ಪ ಹೊತ್ತು ಕೂತೆ. ಹುಡುಗ ನನ್ನ ಚೀಟಿ ಇಸಿದುಕೊಂಡು ಎರಡು ಸಲ ಓದಿದ. "ಕಾಕು, ನಾ ತಪ್ಪು ಮಾಡಿದ್ದು ಎಂದೂ ಎಣಿಸಿಲ್ಲ" ಎಂದ, ಅಷ್ಟೇ. ಅವನು ಎಷ್ಟು ಕಳೆದಿದ್ದಾನೋ, ನಾನು ಕೇಳಲಿಲ್ಲ.

ಹುಮನಾಬಾದಿಗೆ ಹಿಂದಿರುಗುವಾಗ ಕತ್ತಲಾಗಿತ್ತು. ಹಿಂದಿನ ಸೀಟಿನಲ್ಲಿ ಎಲ್ಲರಿಗೂ ಜೊಂಪು. ಯಜಮಾನರು ಮೆಲ್ಲಗೆ ಕೇಳಿದರು, "ಎಷ್ಟು ತೊಲಿ ಇದ್ದವು ಅವು?"

"ಮೂರೂವರೆ" ಎಂದೆ. ತವರಿನವರು ಕೊಟ್ಟ ಅಂಗಡಿಯ ರಸೀತಿ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ.